ಅಡುಗೆ ಆಟಕ್ಕೆ ಬೆರಳಿನ ವೇಗವೊಂದೇ ಸಾಲದು

ಮಾನ್ಯರೇ,

ಮೊಬೈಲ್‌ನಲ್ಲಿ ತಿಂಡಿ ಗಾಡಿ ನಡೆಸುವ ಆಟಗಳೆಂದರೆ ಪಟಪಟನೆ ಬೆರಳಾಡಿಸುವುದು ಎಂದೇ ಹಲವರ ಎಣಿಕೆ. ಅಸಲಿಗೆ ಇವು ಸರದಿ ಹೊಂದಿಸುವ ಒಗಟುಗಳು.

ಗಿರಾಕಿಯ ಚೀಟಿ ಬಂದೊಡನೆ ನೋಡಬೇಕಾದ್ದು ಯಾವುದು ನಿಧಾನವಾಗಿ ಬೇಯುತ್ತದೆ ಎಂಬುದನ್ನು. ಅದಕ್ಕೆ 20 ಸೆಕೆಂಡು ಬೇಕಿದ್ದರೆ, 5 ಸೆಕೆಂಡಿನದನ್ನು 15 ಸೆಕೆಂಡು ಕಳೆದ ಮೇಲೆ ಒಲೆಗೇರಿಸಿ. ಎರಡೂ ಒಟ್ಟಿಗೆ ಇಳಿಯುತ್ತವೆ. ಜೊತೆಯಲ್ಲೇ ಏರಿಸಿದರೆ ಚಿಕ್ಕದು ಸೀದುಹೋಗುತ್ತದೆ. ಅದನ್ನು ಕಸದ ಡಬ್ಬಿಗೆ ಎಳೆಯುವಷ್ಟರಲ್ಲಿ ದೊಡ್ಡದೂ ಕರಕಲು! ಒಲೆ ನಾಲ್ಕಿದ್ದರೆ ಒಂದನ್ನು ಖಾಲಿ ಬಿಡಿ, ಮುಂದಿನ ಗಿರಾಕಿ ಏನು ಕೇಳುತ್ತಾನೋ.

2007ರ ‘ಪಾಪಾಸ್ ಪಿಜ್ಜೇರಿಯಾ’ ಎಂಬ ಪಿಜ್ಜಾ ಅಂಗಡಿಯ ಆಟದಲ್ಲಂತೂ ಗಿರಾಕಿ ಎಷ್ಟು ಕಾದ, ಮೇಲೆ ಉದುರಿಸಿದ್ದು ಸರಿಯಿದೆಯೇ, ಹದವಾಗಿ ಬೆಂದಿದೆಯೇ, ತುಂಡುಗಳು ಸಮವೇ ಎಂಬ ನಾಲ್ಕಕ್ಕೂ ಬೇರೆ ಬೇರೆ ಅಂಕ. ಅವಸರದಲ್ಲಿ ಸೊಟ್ಟಗೆ ಕತ್ತರಿಸಿದರೆ ಬೇಗ ಕೊಟ್ಟೂ ಬಕ್ಷೀಸು ಕಡಿಮೆ.

ಗಳಿಸಿದ ನಾಣ್ಯವನ್ನೆಲ್ಲ ಗಾಡಿಯ ಬಣ್ಣ, ದೀಪಗಳಿಗೆ ಸುರಿಯುವುದು ಮತ್ತೊಂದು ಎಡವಟ್ಟು. ಮೊದಲು ಒಲೆ, ಆಮೇಲೆ ತಟ್ಟೆ ಇಡುವ ಜಾಗ, ಅಲಂಕಾರ ಕೊನೆಗೆ. ಜಾಹೀರಾತು ನೋಡಿದರೆ ಹೆಚ್ಚುವರಿ ಸಮಯ ಕೊಡುವ ಗುಂಡಿಯನ್ನು ಒತ್ತುವ ಮುನ್ನ ಒಲೆಯತ್ತ ಕಣ್ಣು ಹಾಯಿಸಿ: ಅಲ್ಲಿ ಏನೂ ಬೇಯುತ್ತಿಲ್ಲದಿದ್ದರೆ ಆ ಸಮಯ ದಂಡ.

– ಕೆಲವು ಆಟಗಾರರು