ಚಂದ್ರಗಿರಿ ಕೋಟೆಗೆ ಮಂಜು ಹಾಕಲಾರೆ

ಪ್ರೀತಿಯ ಗೆಳೆಯಾ,

ನಿನ್ನ ಹೊಸ ಮನೆಯ ಗೋಡೆಗೆ ನಮ್ಮ ಕಾಸರಗೋಡಿನ ಚಂದ್ರಗಿರಿ ಕೋಟೆಯ ಚಿತ್ರ ಬೇಕು, ಕೋಟೆ ಮಂಜಿನಲ್ಲಿ ಮುಳುಗಿರಬೇಕು, ಪಾಳು ಎದ್ದು ಕಾಣಬೇಕು ಎಂದಿದ್ದೆ. ಅರ್ಧ ಆಗಿದೆ. ಉಳಿದರ್ಧದ ಬಗ್ಗೆಯೇ ಈ ಪತ್ರ.

ಜಲವರ್ಣಕ್ಕೆ ಆಟಿ ತಿಂಗಳ ಮಳೆ ಒಳ್ಳೆಯ ಜೊತೆ. ಕಾಗದ ಬೇಗ ಆರುವುದಿಲ್ಲ. ಆಕಾಶವನ್ನು ಅವಸರವಿಲ್ಲದೆ ಹರಿಯಬಿಡಬಹುದು. ಅಲ್ಟ್ರಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಎಂಬ ಕೆಂಗಂದು ಬೆರೆಸಿದರೆ ನಮ್ಮ ಮಳೆಮೋಡದ್ದೇ ಬೂದು ಸಿಗುತ್ತದೆ. ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ಮೋಡ ತರಿತರಿಯಾಗುತ್ತದೆ. ನೀರಿನ ಹೊಳಪು ಹೋಗಿ ತೇವ ಮಾತ್ರ ಉಳಿದ ಗಳಿಗೆಯಲ್ಲಿ ಕೋಟೆಗೆ ಬಣ್ಣ ಇಟ್ಟರೆ ಅಂಚುಗಳು ತಾವಾಗಿ ಕರಗುತ್ತವೆ. ಬಿಳಿಯನ್ನು ಹಚ್ಚುವುದಿಲ್ಲ, ಮಂಜೆಂದರೆ ಮುಟ್ಟದೆ ಬಿಟ್ಟ ಕಾಗದ.

ಅಲ್ಲಿಗೆ ಕೈ ನಿಂತಿತು. ಮಂಜು ಬೇಕೆಂದರೆ ಕೋಟೆಯ ಕೆಳಗಿನ ಹೆಂಚಿನ ಮನೆಗಳು, ಮಸೀದಿ, ದೋಣಿ, ಸೇತುವೆ ಎಲ್ಲವನ್ನೂ ಬರೆಯದೆ ಬಿಡಬೇಕು. ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಹದಿನೇಳರ ಹರೆಯದಲ್ಲಿ, 1792ರಲ್ಲಿ, ವೇಲ್ಸ್‌ನ ಟಿಂಟರ್ನ್ ಮಠದ ಪಾಳನ್ನು ಬರೆಯಲು ಹೋದ. ಅಲ್ಲಿನ ಸನ್ಯಾಸಿಗಳು 1536ರಲ್ಲೇ ಹೊರಟುಹೋಗಿದ್ದರು. ಈ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನೂ ಹೋಗಿ ಮುನ್ನೂರು ವರ್ಷ ದಾಟಿತು, ನಿಜ. ಆದರೆ ಅವನ ಮುರಕಲ್ಲಿನ ಗೋಡೆಯ ಬುಡದಲ್ಲಿ ನಾವಿದ್ದೇವೆ.

ಹೇಳಬಾರದೆಂದಿದ್ದೆ, ಹೇಳಿಬಿಡುತ್ತೇನೆ. ಮೊನ್ನೆ ಫೋನಿನಲ್ಲಿ 'ಅಲ್ಲಿ ಇನ್ನೂ ಕನ್ನಡ ಇದೆಯಾ?' ಎಂದು ಕೇಳಿದೆಯಲ್ಲ, ಅದು ಪಾಳು ನೋಡಲು ಬಂದವರ ದನಿ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಮೇಲೆ ಹುಟ್ಟಿದ ನಾವಿಬ್ಬರೂ ಆ ದನಿಯನ್ನು ಕೇಳಿಕೊಂಡೇ ಬೆಳೆದವರು. ನಿನ್ನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ರಾತ್ರಿ ನಿದ್ದೆ ಹತ್ತಲಿಲ್ಲ. ಇಲ್ಲಿ ಉಳಿದುದಕ್ಕೆ ನನಗೆ ಬೇಸರವಿಲ್ಲ. ದೂರದ ಗುಡ್ಡಗಳನ್ನು ತಿಳಿನೀಲಿಯಲ್ಲಿ ತೇಲಿಸಿಬಿಡುತ್ತೇವಲ್ಲ, ನಿನ್ನ ಕಣ್ಣಿಗೆ ನಾನೂ ಹಾಗೆ ಆಗಿಬಿಟ್ಟೆನೇ ಎಂಬ ಭಯ ಮಾತ್ರ ಬಿಡುತ್ತಿಲ್ಲ.

ಇರಲಿ, ಊರೆಲ್ಲ ಓದುವ ಪತ್ರವಿದು, ಇಷ್ಟು ಸಾಕು. ಚಿತ್ರದಲ್ಲಿ ಮನೆಗಳಿರುತ್ತವೆ, ಜಗಲಿಯಲ್ಲಿ ಒಣಹಾಕಿದ ಸೀರೆಗಳೂ ಇರುತ್ತವೆ. ನಿನ್ನ ಗೋಡೆಗೆ ಒಪ್ಪದಿದ್ದರೆ ಅಮ್ಮನ ಕೋಣೆಯಲ್ಲಿ ಹಾಕು. ಯಾವ ಮನೆ ಯಾರದೆಂದು ಅವರು ಹೇಳುತ್ತಾರೆ. ದೀಪಾವಳಿಗೆ ಬರುವಾಗ ಚದರ ಮೀಟರಿಗೆ 300 ಗ್ರಾಂ ತೂಗುವ ಹತ್ತಿಕಾಗದ ತಾ.

ನಿನ್ನ ಗೆಳೆಯ