ಸೀನನಿಗೆ, ಕೊಳೆತ ಹೆಣಗಳ ಬಗ್ಗೆ

ಪ್ರೀತಿಯ ಸೀನ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜಿಗೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಹಳದಿ ಛತ್ರಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಕಾಲೇಜಿನಲ್ಲಿ ನೀನು ಎಲ್ಲಿಂದಲೋ ಜೆರಾಕ್ಸ್ ಮಾಡಿಸಿ ತಂದಿದ್ದೆಯಲ್ಲ, ಅಮೆರಿಕದ ಹಳೇ ದೆವ್ವದ ಕಾಮಿಕ್ಸ್? ಅದರ ಒಳ್ಳೆಯ ಮರುಮುದ್ರಣ ಈಗ ನನ್ನ ಕೈಗೆ ಸಿಕ್ಕಿದೆ. ರಾತ್ರಿ ಊಟ ಆದ ಮೇಲೆ ಅದೇ ಕೆಲಸ. ಆ ಜೆರಾಕ್ಸಿನಲ್ಲಿ ನಮಗೆ ಕಂಡದ್ದು ಬರೀ ಮಸಿ. ಆ ಮಸಿಯೊಳಗೆ ಏನೇನಿದೆ ಮಾರಾಯ!

ಆ ಕಾಮಿಕ್ಸ್ ಹೊರತಂದ ಗೇನ್ಸ್ ಕಥೆ ನಿನಗೆ ಗೊತ್ತು, ಉಳಿದವರಿಗೆ ಹೇಳುತ್ತೇನೆ. ಬೈಬಲ್ ಕಥೆಗಳ ಕಾಮಿಕ್ಸ್ ಮಾಡುತ್ತಿದ್ದ ಅಪ್ಪ 1947ರಲ್ಲಿ ದೋಣಿ ಅಪಘಾತದಲ್ಲಿ ತೀರಿಕೊಂಡ. ಇ.ಸಿ. ಕಾಮಿಕ್ಸ್ ಕಂಪನಿ ಮಗ ವಿಲಿಯಂ ಗೇನ್ಸ್ ತಲೆ ಮೇಲೆ ಬಿತ್ತು. 1950ರಲ್ಲಿ ಅವನು ದೆವ್ವ, ಹೆಣ, ಕೊಲೆಗಳ ಕಡೆ ಹೊರಳಿದ. ಹತ್ತು ಸೆಂಟಿಗೆ ಒಂದು ಪುಸ್ತಕ. ಮಕ್ಕಳು ಮುಗಿಬಿದ್ದು ಕೊಂಡರು. ಮಕ್ಕಳು ಕೆಡುವುದು ಇದರಿಂದಲೇ ಅಂತ ವರ್ಥಮ್ ಎಂಬ ಮನೋವೈದ್ಯ ಪುಸ್ತಕವನ್ನೇ ಬರೆದ. 1954ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಸೆನೆಟ್ ಸಮಿತಿಯ ವಿಚಾರಣೆ ನಡೆಯಿತು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ಕತ್ತರಿಸಿದ ತಲೆ, ಇಂಥ ಮುಖಪುಟ ತೋರಿಸಿ ಕೀಫಾವರ್ ಎಂಬ ಸೆನೆಟರ್ ಕೇಳಿದ, ಇದು ಸದಭಿರುಚಿಯಾ? ಹೌದು, ಭಯಾನಕ ಕಾಮಿಕ್ಸಿಗೆ ಸದಭಿರುಚಿಯೇ ಅಂದ ಗೇನ್ಸ್. ತಲೆಯನ್ನು ಇನ್ನೂ ಸ್ವಲ್ಪ ಮೇಲೆ ಹಿಡಿದು ರಕ್ತ ತೊಟ್ಟಿಕ್ಕುವುದು ಕಂಡಿದ್ದರೆ ಕೆಟ್ಟದಾಗುತ್ತಿತ್ತಂತೆ! ಅದೇ ವರ್ಷ ಪ್ರಕಾಶಕರೇ ಸೇರಿ ಒಂದು ಸಂಹಿತೆ ಮಾಡಿಕೊಂಡರು. ನಡೆದಾಡುವ ಹೆಣ, ರಕ್ತಪಿಶಾಚಿ ಎಲ್ಲಾ ನಿಷೇಧ. ಇ.ಸಿ.ಯ ದೆವ್ವಗಳು ಅಲ್ಲಿಗೆ ಮುಗಿದವು.

ನನ್ನನ್ನು ಹಿಡಿದು ಕೂರಿಸಿರುವವನು ಮಾತ್ರ ಇ.ಸಿ.ಯ ಚಿತ್ರಕಾರ ಗ್ರಹಾಂ ಇಂಗಲ್ಸ್. 'ಗ್ಯಾಸ್ಟ್ಲಿ', ಅಂದರೆ ಭೀಕರ, ಅಂತ ಸಹಿ ಹಾಕುತ್ತಿದ್ದವನು. ಅಲ್ಲಿ ಸಂಪಾದಕ ಫೆಲ್ಡ್‌ಸ್ಟೀನ್ ಕಥೆಯನ್ನು ನೇರ ಚಿತ್ರದ ಹಾಳೆ ಮೇಲೇ ಬರೆದುಬಿಡುತ್ತಿದ್ದ. ಅಕ್ಷರವೆಲ್ಲ ಕೂತು ಮಿಕ್ಕ ಜಾಗದಲ್ಲಿ ಚಿತ್ರ. ಆ ಇಕ್ಕಟ್ಟಿನಲ್ಲೂ ಇಂಗಲ್ಸ್‌ನ ಮುಖಗಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿರುತ್ತವೆ. ಬಾಯಿ ತೆರೆದರೆ ತುಟಿಯಿಂದ ತುಟಿಗೆ ಜೊಲ್ಲಿನ ಎಳೆ. ಕೊಳೆತ ಮಾಂಸಕ್ಕೂ ಹರಿದ ಅಂಗಿಗೂ ಒಂದೇ ಥರದ ಗೆರೆ, ಯಾವುದು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಅಲ್ಲಿನ ಇನ್ನೊಬ್ಬ ಚಿತ್ರಕಾರ ಜ್ಯಾಕ್ ಡೇವಿಸ್‌ನ ಹೆಣ ನೋಡಿದರೆ ನಗು ಬರುತ್ತೆ. ಇವನದಕ್ಕೆ ಬರುವುದಿಲ್ಲ. ಇವನು ಕೊಳೆಯುವುದನ್ನು ಕೂತು ನೋಡಿದ್ದಾನೆ ಅನ್ನಿಸುತ್ತೆ.

ಅಂಥ ಒಂದು ಬಾಯಿ ನೋಡುವಾಗ ಅಪ್ಪ ನೆನಪಾದರು.

ಐಸಿಯುನಲ್ಲಿ ಅವರು ಬಾಯಿ ತೆರೆದೇ ಮಲಗಿದ್ದರಲ್ಲ. ನೀನು ಹೊರಗೆ ಚಿಕ್ಕಮ್ಮನ ಹತ್ತಿರ ಕೂತಿದ್ದೆ. ಒಳಗೆ ನನಗೆ ಮೊದಲು ಅಳು ಬರಲಿಲ್ಲ ಕಣೋ. ಕೆನ್ನೆ ಒಳಗೆ ಹೋದಲ್ಲಿ ನೆರಳು ಎಷ್ಟು ಚೆನ್ನಾಗಿ ಬಿದ್ದಿದೆ ಅನ್ನಿಸಿತು. ಔಷಧಿ ಬಿಲ್ಲಿನ ಹಿಂದೆ ಬಿಡಿಸಿದೆ. ನರ್ಸ್ ಬಂದಾಗ ಲೆಕ್ಕ ಬರೆಯುವವನ ಹಾಗೆ ನಟಿಸಿದೆ. ಆ ಬಿಲ್ಲು ಇನ್ನೂ ಇದೆ. ನಾನು ಬಿಡಿಸಿದ್ದರಲ್ಲೆಲ್ಲ ಅದೇ ಒಳ್ಳೆಯ ಚಿತ್ರ. ಅಮ್ಮನಿಗೆ ತೋರಿಸಿಲ್ಲ. ಗೇನ್ಸ್ ಲೆಕ್ಕದಲ್ಲಿ ನಾನು ತಲೆಯನ್ನು ಎಷ್ಟು ಮೇಲೆ ಹಿಡಿದೆನೋ!

ಇಂಗಲ್ಸ್ ಆಮೇಲೆ ಫ್ಲಾರಿಡಾಕ್ಕೆ ಹೋಗಿ ಚಿತ್ರಕಲೆ ಪಾಠ ಹೇಳಿಕೊಂಡಿದ್ದ. ಹಳೇ ಕಾಮಿಕ್ಸಿನ ಮಾತೆತ್ತಿದರೆ ಆಗುತ್ತಿರಲಿಲ್ಲ. ಅಭಿಮಾನಿಗಳನ್ನು ವರ್ಷಗಟ್ಟಲೆ ಹತ್ತಿರ ಸೇರಿಸಲಿಲ್ಲ. ಇದನ್ನು ಓದಿದಾಗ ಎಂಥ ದಡ್ಡ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. 1991ರಲ್ಲಿ ತೀರಿಕೊಂಡ. ಅದಕ್ಕೆ ಸ್ವಲ್ಪ ಮುಂಚೆ ಮನಸ್ಸು ಕರಗಿ, ತನ್ನ ಹಳೇ ಕಾಮಿಕ್ಸಿನ ಮಾಟಗಾತಿ ಮುದುಕಿಯನ್ನು ಎಣ್ಣೆಬಣ್ಣದಲ್ಲಿ ಮತ್ತೆ ಬಿಡಿಸಿಕೊಟ್ಟ.

ನೋಡು, ದೆವ್ವದ ಕಥೆ ಅಂತ ಶುರು ಮಾಡಿ ಎಲ್ಲಿಗೆ ಬಂದೆ. ಇದನ್ನು ಓದಿ ಚಿಕ್ಕಮ್ಮ ಶಾಂತಿ ಮಾಡಿಸು ಅಂತ ಫೋನ್ ಮಾಡುವುದು ಗ್ಯಾರಂಟಿ. ನನ್ನ ಸರದಿ ಬಂದಾಗ ನೀನೇ ಬಂದು ಚಿತ್ರ ಬಿಡಿಸು ಅನ್ನೋಣ ಅಂದರೆ ನೀನು ಬಿಡಿಸಿದ ಕುದುರೆ ನೆನಪಾಗುತ್ತೆ. ಬೇಡ, ಫೋಟೋ ತೆಗಿ ಸಾಕು.

ಪುಸ್ತಕ ಬೇಕಿದ್ದರೆ ಮನೆಗೇ ಬಾ, ಇಲ್ಲೇ ಕೂತು ಓದು. ಹೋದ ಸಲ ಒಯ್ದದ್ದು ಇನ್ನೂ ವಾಪಸ್ ಬಂದಿಲ್ಲ ಅನ್ನುವುದು ಈ ಎಲ್ಲರಿಗೂ ಗೊತ್ತಿರಲಿ.

ನಿನ್ನ,
ಬಿಲ್ಲು ಬರೆಯುವವನು