ಗುಲ್ಮ ತೆಗೆಸಿದರೆ ಲಿವರ್ ಸರಿಹೋಗುತ್ತಾ?

ಗುಲ್ಮ (ಸ್ಪ್ಲೀನ್, ಹೊಟ್ಟೆಯ ಎಡಭಾಗದ ಅಂಗ) ತೆಗೆಸಿದರೆ ಲಿವರ್ ಸರಿಹೋಗುತ್ತದೆ ಎಂದು ನಿನ್ನೆ ಬಂದ ಫಾರ್ವರ್ಡ್ ಇನ್ನು ಹಂಚಬೇಡಿ. ಅರ್ಧ ಮಾತ್ರ ನಿಜ.

ಇಲಿಗಳಿಗೆ ಥಯೋಅಸಿಟಮೈಡ್ ಎಂಬ ವಿಷ ರಾಸಾಯನಿಕ ಕೊಟ್ಟು ಲಿವರ್ ಗಟ್ಟಿಯಾಗುವಂತೆ ಮಾಡಿ, ಗುಲ್ಮ ತೆಗೆದು ನೋಡಿದ ಪ್ರಯೋಗಗಳಿವೆ. ಕೆಲವದರಲ್ಲಿ ಲಿವರಿನ ಗಾಯದ ಕಲೆ ಕಮ್ಮಿಯಾಗಿದ್ದೂ ಹೌದು. ಗುಲ್ಮದ ರಕ್ತ ಪೋರ್ಟಲ್ ರಕ್ತನಾಳದಿಂದ ಸೀದಾ ಲಿವರಿಗೇ ಹೋಗುತ್ತದೆ, ಅಲ್ವಾ? ಊದಿಕೊಂಡ ಗುಲ್ಮದ ಟಿಜಿಎಫ್-ಬೀಟಾ 1 ಎಂಬ ಪ್ರೋಟೀನೂ ಅದರ ಜೊತೆ ಬರುತ್ತದೆ. ಅದು ಲಿವರಿನ ಸ್ಟೆಲೇಟ್ ಎಂಬ ಕೋಶಗಳನ್ನು ಕೆಣಕುತ್ತದೆ, ಅವು ಕೊಲ್ಲಾಜೆನ್ ಎಂಬ ಪ್ರೋಟೀನಿನ ನಾರು ಕಟ್ಟುತ್ತವೆ; ಅದೇ ಆ ಕಲೆ. ಸಿರಿಯಸ್ ರೆಡ್ ಬಣ್ಣ ಹಾಕಿದ ಸ್ಲೈಡಿನಲ್ಲಿ ಆ ನಾರು ಕೆಂಪು ಗೆರೆಗಳಾಗಿ ಕಾಣುತ್ತದೆ.

ಆದರೆ ಇಲಿ ಇಲಿಯೇ. ಗುಲ್ಮವಿಲ್ಲದ ಮನುಷ್ಯರಿಗೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಜಾಸ್ತಿ. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇದ್ದವರು ಗುಲ್ಮ ತೆಗೆಸಿದರೆ ಪೋರ್ಟಲ್ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಸುಮ್ನೆ ಯಾರಿಗೂ ಆಪರೇಷನ್ ಸಲಹೆ ಕೊಡಬೇಡಿ.